ಎದೆಮಟ್ಟದ ಗುರುತು

ಅಪ್ಪ ತೀರಿಕೊಂಡ ಹದಿಮೂರನೆಯ ದಿನ ಬಂದವರಿಗೆ ಹಂಚಲೆಂದು ನಾನು ಒಂದು ಪುಟ ಬರೆದಿದ್ದೆ. ‘ಕರ್ತವ್ಯನಿಷ್ಠ ಅರಣ್ಯ ಸೇವಕ, ಆದರ್ಶ ಗೃಹಸ್ಥ, ವಾತ್ಸಲ್ಯಮಯಿ ತಂದೆ, ಮಿತಭಾಷಿ, ಸರಳ ಸಜ್ಜನ’ ಎಂದೆಲ್ಲ ಅದರಲ್ಲಿತ್ತು. ಶಾಲೆಯಲ್ಲಿ ಕನ್ನಡ ಕಲಿಸುವ ನನಗೆ ಇಂಥ ಪದಗಳಿಗೇನು ಬರ? ಅಮ್ಮ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದಳು. ಮಡಚಿ ನನ್ನ ಕೈಗೇ ವಾಪಸು ಕೊಟ್ಟಳು. “ಚೆನ್ನಾಗಿದೆ. ಯಾರ ಬಗ್ಗೆ ಬರೆದದ್ದು?” ಎಂದಳು.

ಅದು ಕೊಂಕಲ್ಲ. ಅವಳಿಗೆ ನಿಜಕ್ಕೂ ಗುರುತು ಸಿಕ್ಕಿರಲಿಲ್ಲ. ಆ ಪುಟವನ್ನು ಹಂಚಲಿಲ್ಲ. ವರ್ಷಾಂತಿಕದ ಹೊತ್ತಿಗೆ ಬೇರೆ ಏನಾದರೂ ಮಾಡೋಣ ಎಂದುಕೊಂಡು ಶುರುಮಾಡಿದ್ದು ಕೊನೆಗೆ ಅರವತ್ತನಾಲ್ಕು ಪುಟಗಳ ಪುಸ್ತಿಕೆಯಾಯಿತು. ಅದನ್ನು ಹೇಗೆ ಮಾಡಿದೆ ಎಂದು ಈಗ ಕೆಲವರು ಕೇಳುತ್ತಾರೆ. ಹೆಚ್ಚಿನವರು ಅಪ್ಪನ ಹಾಗೆ ಕಾಡಿನ ಕೆಲಸದಲ್ಲಿ ಸವೆದವರ ಮಕ್ಕಳು. ಅವರಿಗೆ ಬಾಯಲ್ಲಿ ಹೇಳಿ ಹೇಳಿ ಸಾಕಾಗಿ ಇಲ್ಲಿ ಬರೆಯುತ್ತಿದ್ದೇನೆ.

ಅಪ್ಪ ಕೆಲಸಕ್ಕೆ ಸೇರಿದ್ದು 1971ರಲ್ಲಿ, ಅರಣ್ಯ ರಕ್ಷಕನಾಗಿ. ಆಡುವ ಮಾತಿನಲ್ಲಿ ಗಾರ್ಡ್. ಸೇವಾ ಪುಸ್ತಕದ ಮೊದಲ ಪುಟದಲ್ಲಿ ‘ಮೈಸೂರು ರಾಜ್ಯ’ ಎಂದೇ ಇದೆ. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್‌ನಲ್ಲಲ್ಲವೇ. ಹಳಿಯಾಳ, ದಾಂಡೇಲಿ, ಯಲ್ಲಾಪುರ, ಜೋಯಿಡಾ ಎಂದು ಕಾಳಿ ನದಿಯ ಆಚೀಚೆಗೇ ಸುತ್ತಿ, ಉಪ ವಲಯ ಅರಣ್ಯಾಧಿಕಾರಿಯಾಗಿ 2010ರಲ್ಲಿ ನಿವೃತ್ತನಾದ. ಅದಕ್ಕೂ ಎರಡು ವರ್ಷ ಮೊದಲೇ ಮನೆಗೆ ಬರಬೇಕಿತ್ತು. 2008ರಲ್ಲಿ ಸರ್ಕಾರ ನಿವೃತ್ತಿಯ ವಯಸ್ಸನ್ನು 58ರಿಂದ 60ಕ್ಕೆ ಏರಿಸಿತು. ಊರಿಗೆಲ್ಲ ಅದು ಸಿಹಿ ಸುದ್ದಿ. ಅಮ್ಮ ಮಾತ್ರ ಎರಡು ದಿನ ಯಾರೊಂದಿಗೂ ಮಾತಾಡಲಿಲ್ಲ.

ಮೊದಲ ತೊಡಕು ಬಂದದ್ದು ವ್ಯಾಕರಣದಲ್ಲಿ. ಶ್ರದ್ಧಾಂಜಲಿ ಎಂದರೆ ಬಹುವಚನ: ಅವರು ಬಂದರು, ಅವರು ಹೋದರು. ಮನೆಯಲ್ಲಿ ನಾವು ಮೂವರೂ ಮಕ್ಕಳು ಅಪ್ಪನನ್ನು ‘ನೀನು’ ಎಂದವರು. ‘ಅಪ್ಪ ಬಂದರು’ ಎಂದು ಬರೆದ ಕೂಡಲೇ ಯಾರೋ ಸಾಹೇಬರು ಜೀಪಿನಿಂದ ಇಳಿದ ಹಾಗಾಗುತ್ತಿತ್ತು. ‘ಅಪ್ಪ ಬಂದ’ ಎಂದು ತಿದ್ದಿದೆ. ಚಿಕ್ಕಪ್ಪನಿಗೆ ಇದು ಸರಿಬರಲಿಲ್ಲ. ಸತ್ತವರಿಗೆ ಏಕವಚನವೇ ಎಂದು ಬಹಳ ನೊಂದುಕೊಂಡ. ಆದರೆ ಆ ಒಂದು ತಿದ್ದುಪಡಿಯಿಂದ ಅರ್ಧ ಬರಹ ತಾನಾಗಿ ಸರಿಹೋಯಿತು. ‘ಕರ್ತವ್ಯನಿಷ್ಠ’ ಮುಂತಾದ ಪದಗಳು ಏಕವಚನದ ಪಕ್ಕದಲ್ಲಿ ನಿಲ್ಲಲಾರವು, ತಾವೇ ಜಾಗ ಬಿಟ್ಟುಹೋಗುತ್ತವೆ.

ಎರಡನೆಯ ತೊಡಕು ದೊಡ್ಡದು. ಬರೆಯಲು ನನ್ನ ಬಳಿ ಹೆಚ್ಚೇನೂ ಇರಲಿಲ್ಲ. ನಾನು ಏಳನೆಯ ತರಗತಿಗೆ ಬರುವವರೆಗೆ ಎಲ್ಲರೂ ಕಾಡಂಚಿನ ವಸತಿಗೃಹದಲ್ಲಿದ್ದೆವು. ಆಮೇಲೆ ಶಾಲೆಗಾಗಿ ನಾವು ಹಳಿಯಾಳದಲ್ಲಿ, ಅಪ್ಪ ಕಾಡಿನಲ್ಲಿ. ಹದಿನೈದು ದಿನಕ್ಕೊಮ್ಮೆ ಶನಿವಾರ ರಾತ್ರಿ ಬಂದು ಸೋಮವಾರ ನಸುಕಿಗೆ ಹೋಗುತ್ತಿದ್ದ. ಹೆಂಡತಿ ಮಕ್ಕಳೆಂದರೆ ಪ್ರಾಣ ಎಂದು ಎಲ್ಲರೂ ಹೇಳುವ ಈ ಮನುಷ್ಯ, ಲೆಕ್ಕ ಹಾಕಿದರೆ, ನಮ್ಮ ಜೊತೆ ಇದ್ದದ್ದೇ ಕಡಿಮೆ. ಫೋಟೋ ಒಟ್ಟು ನಾಲ್ಕು. ಒಂದರಲ್ಲಿ ಮುಖದ ಮೇಲೆ ನೆರಳು.

ಇದ್ದದ್ದು ಒಂದು ಟ್ರಂಕು.

ಅಪ್ಪ ಪ್ರತಿಯೊಂದು ಕಾಗದಕ್ಕೂ ಕಾರ್ಬನ್ ಪ್ರತಿ ಇಟ್ಟುಕೊಳ್ಳುತ್ತಿದ್ದ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಯಾವುದೋ ಕಚೇರಿಯಲ್ಲಿ ಅವನ ಅರ್ಜಿಯೊಂದು ಕಳೆದುಹೋಗಿ ಮೂರು ತಿಂಗಳ ಸಂಬಳ ನಿಂತಿತ್ತಂತೆ. ಅಲ್ಲಿಂದ ಬಂದ ಚಟ. ಗಸ್ತಿನ ಡೈರಿ, ಪ್ರವಾಸ ಭತ್ಯೆಯ ಬಿಲ್ಲು, ರಜೆ ಅರ್ಜಿ, ಕೇಳಿದ ವಿವರಣೆಗಳಿಗೆ ಕೊಟ್ಟ ಉತ್ತರ ಎಲ್ಲವೂ ಟ್ರಂಕಿನಲ್ಲಿದ್ದವು. ಅರ್ಧದಷ್ಟು ಗೆದ್ದಲು ತಿಂದಿದ್ದವು. ಉಳಿದವನ್ನು ಬಿಸಿಲಿಗೆ ಹಾಕಬೇಡಿ, ಕಾರ್ಬನ್ ಶಾಯಿ ಮಾಸುತ್ತದೆ. ನೆರಳಿನಲ್ಲಿ ಹರಡಿ, ಹಾಳೆ ಹಾಳೆಯಾಗಿ ಮೊಬೈಲಿನಲ್ಲಿ ಫೋಟೋ ತೆಗೆದೆ. ಓದಿದ್ದೆಲ್ಲ ಆ ಫೋಟೋಗಳಲ್ಲೇ. ಮೂಲ ಹಾಳೆಗಳನ್ನು ಮತ್ತೆ ಮುಟ್ಟಲಿಲ್ಲ.

ಡೈರಿ ಎಂದರೆ ಮನಸ್ಸಿನ ಮಾತು ಇರುತ್ತದೆ ಎಂದು ಆಸೆಪಟ್ಟಿದ್ದೆ. ಇಲಾಖೆಯ ಡೈರಿಯಲ್ಲಿ ಅದೆಲ್ಲಿಂದ ಬರಬೇಕು! ‘ಬೆಂಕಿ ರೇಖೆ ಪರಿಶೀಲನೆ. ಬೆಂಕಿ ಇಲ್ಲ. ಕಾಟಿ ಹೆಜ್ಜೆ. ಸಂಜೆ 6ಕ್ಕೆ ವಾಪಸು.’ ಮರುದಿನವೂ ಅದೇ, ಕಾಟಿಯ, ಅಂದರೆ ಕಾಡುಕೋಣದ, ಹೆಜ್ಜೆ ಒಂದು ಬಿಟ್ಟು. ಮೊದಲ ವಾರ ಬೇಸತ್ತು ಮುಚ್ಚಿಟ್ಟೆ. ಆಮೇಲೆ ಒಂದು ಉಪಾಯ ಹೊಳೆಯಿತು. ದೊಡ್ಡ ಕಾಗದದಲ್ಲಿ ಎರಡು ಗೆರೆ ಎಳೆದು, ಎಡಕ್ಕೆ ಡೈರಿಯ ತಾರೀಕು, ಬಲಕ್ಕೆ ಅದೇ ತಾರೀಕಿನಂದು ಮನೆಯಲ್ಲಿ ನಡೆದದ್ದು. ಬಲಗಡೆಯದಕ್ಕೆ ಅಮ್ಮನೇ ಪಂಚಾಂಗ. ಇಸವಿ ಕೇಳಿದರೆ ಅವಳಿಗೆ ಗೊತ್ತಾಗುವುದಿಲ್ಲ. ‘ತಮ್ಮನಿಗೆ ದಡಾರ ಎದ್ದ ವರ್ಷ’, ‘ಹಂಚು ಹಾರಿದ ಮಳೆಗಾಲ’ ಎಂದರೆ ತಿಂಗಳು ವಾರ ಸಮೇತ ಹೇಳುತ್ತಾಳೆ. ಎರಡು ಸಾಲುಗಳು ಎದುರುಬದುರು ನಿಂತಾಗ ‘ಬೆಂಕಿ ಇಲ್ಲ’ ಎಂಬ ಎರಡು ಪದಕ್ಕೂ ತೂಕ ಬಂತು.

ನಾನು ಹುಟ್ಟಿದ್ದು 1978ರ ಮಾರ್ಚ್‌ನಲ್ಲಿ. ಮಾರ್ಚ್ ಎಂದರೆ ನಮ್ಮ ಕಡೆಯ ಎಲೆ ಉದುರುವ ಕಾಡುಗಳಿಗೆ ಬೆಂಕಿಯ ಕಾಲ. ತೇಗದ ಎಲೆ ಹಪ್ಪಳದಂತೆ ನೆಲ ತುಂಬಿರುತ್ತದೆ, ಬಿದಿರು ಒಣಗಿರುತ್ತದೆ. ಬೇಸಿಗೆ ಏರುವ ಮೊದಲೇ ಕಾಡಿನ ನಡುವೆ ಪಟ್ಟೆಪಟ್ಟೆಯಾಗಿ ತರಗೆಲೆ ಬಳಿದು, ಸುಟ್ಟು, ಬೋಳುಮಾಡಿಟ್ಟಿರುತ್ತಾರೆ. ಅದೇ ಬೆಂಕಿ ರೇಖೆ. ಆಚೆ ಹೊತ್ತಿದ ಬೆಂಕಿ ಈಚೆ ದಾಟಬಾರದೆಂದು. ರೇಖೆ ಇದ್ದರೂ ಕಾಯಲು ಮನುಷ್ಯ ಬೇಕು. ನನ್ನ ಹೆರಿಗೆಗೆ ಅಪ್ಪ ಇರಲಿಲ್ಲ, ಮೂರನೆಯ ದಿನ ಮುಖ ತೋರಿಸಿದ ಎಂಬುದು ಅಮ್ಮ ನಲವತ್ತು ವರ್ಷ ಹೇಳಿಕೊಂಡು ಬಂದ ದೂರು. ಆ ದಿನದ ಡೈರಿ ಸಿಕ್ಕಿತು: ‘ರಾತ್ರಿ 2ರವರೆಗೆ ಬೆಂಕಿ ನಂದಿಸಿದ್ದು. ನೆಲಬೆಂಕಿ. ವಾಚರ್ ಇಬ್ಬರು ಜೊತೆಗೆ. ಬೆಳಿಗ್ಗೆ ಸುದ್ದಿ ಬಂದಿದೆ. ಅನುಮತಿ ಪಡೆದು ಹೊರಟಿದ್ದೇನೆ.’ ಯಾವ ಸುದ್ದಿ ಎಂದು ಬರೆದಿಲ್ಲ. ಸರ್ಕಾರಿ ಡೈರಿಯಲ್ಲಿ ಮಗಳು ಹುಟ್ಟಿದ್ದಕ್ಕೆ ಕಾಲಂ ಇಲ್ಲ.

ಅಮ್ಮನಿಗೆ ಓದಿ ಹೇಳಿದೆ. “ಅದೇ ದಿನ ಹೊರಟರೆ ಮೂರನೆಯ ದಿನ ಯಾಕೆ ಮುಟ್ಟಿದರು?” ಎಂದಳು. ಅದಕ್ಕೆ ಉತ್ತರ ಹಾಳೆಯಲ್ಲಿರಲಿಲ್ಲ. ಬಸ್ಸು ಸಿಗದೆ ನಡೆದಿರಬಹುದು, ದಾರಿಯಲ್ಲಿ ಇನ್ನೊಂದು ಬೆಂಕಿ ಸಿಕ್ಕಿರಬಹುದು. ಅಥವಾ ಅಮ್ಮನ ಲೆಕ್ಕವೇ ತಪ್ಪಿರಬಹುದು, ಹಾಗೆ ಹೇಳುವ ಧೈರ್ಯ ನಮಗಿಲ್ಲ. ಪುಸ್ತಿಕೆಯಲ್ಲಿ ಡೈರಿಯ ಸಾಲನ್ನೂ ಅಮ್ಮನ ದೂರನ್ನೂ ಒಂದರ ಕೆಳಗೊಂದು ಇಟ್ಟೆ. ರಾಜಿ ಮಾಡಿಸಲು ಹೋಗಲಿಲ್ಲ.

ಡೈರಿ ಓದಲು ಅಪ್ಪನ ಕಸುಬಿನ ಭಾಷೆ ಕಲಿಯಬೇಕಾಯಿತು. ಕೂಪು ಎಂದರೆ ಆ ವರ್ಷ ಕಡಿಯಲು ಗೊತ್ತುಮಾಡಿದ ಕಾಡಿನ ತುಂಡು. ನಾಟಾ ಎಂದರೆ ಕಡಿದು ಸಾಗಿಸುವ ಮರ. ಅಳತೆಯಲ್ಲಿ ಎರಡು ಸಂಗತಿ ನನ್ನನ್ನು ಹಿಡಿದು ನಿಲ್ಲಿಸಿದವು. ಒಂದು, ನಿಂತ ಮರದ ಸುತ್ತಳತೆಯನ್ನು ಬುಡದಲ್ಲಿ ತೆಗೆಯುವುದಿಲ್ಲ, ಎದೆಮಟ್ಟದಲ್ಲಿ ತೆಗೆಯುತ್ತಾರೆ. ಬುಡ ಉಬ್ಬಿರುತ್ತದೆ, ಬೇರು ಬಿಚ್ಚಿಕೊಂಡಿರುತ್ತದೆ, ಲೆಕ್ಕ ಕೆಡುತ್ತದೆ. ನಮ್ಮ ದೇಶದಲ್ಲಿ ಎದೆಮಟ್ಟವೆಂದರೆ ನೆಲದಿಂದ 1.37 ಮೀಟರ್, ಅಂದರೆ ನಾಲ್ಕೂವರೆ ಅಡಿ. ಎರಡು, ಉರುಳಿಸಿದ ದಿಮ್ಮಿಯ ಗಾತ್ರ ಹಾಕಲು ನಡುವಿನ ಸುತ್ತಳತೆಯನ್ನು ನಾಲ್ಕರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸುವ ಹಳೆಯ ಪದ್ಧತಿ. ಇದನ್ನು ಅಪ್ಪ ನಮಗೆ ಮಗ್ಗಿಯ ಹಾಗೆ ಕಲಿಸಿದ್ದ. ದುಂಡು ದಿಮ್ಮಿಯನ್ನು ಹೀಗೆ ಅಳೆದರೆ ನಿಜ ಗಾತ್ರದ ನೂರರಲ್ಲಿ ಸುಮಾರು 78 ಪಾಲು ಮಾತ್ರ ಲೆಕ್ಕಕ್ಕೆ ಸಿಗುತ್ತದೆ, ಐದರಲ್ಲೊಂದು ಪಾಲಿಗಿಂತ ಹೆಚ್ಚು ಹೊರಗುಳಿಯುತ್ತದೆ. ಲೆಕ್ಕದ ಮೇಷ್ಟರಾದ ನನ್ನ ಸಹೋದ್ಯೋಗಿಯೊಬ್ಬರು ಇದನ್ನು ಬಿಡಿಸಿ ತೋರಿಸಿದಾಗ, “ಹಾಗಾದರೆ ನಿಮ್ಮ ತಂದೆಯವರು ಜೀವನಪೂರ್ತಿ ತಪ್ಪು ಲೆಕ್ಕ ಬರೆದರೇ?” ಎಂದು ನಕ್ಕರು. ತಪ್ಪಲ್ಲ, ಗರಗಸಕ್ಕೆ ಹೋಗುವ ಪಾಲನ್ನು ಮೊದಲೇ ಬಿಟ್ಟುಬಿಡುತ್ತಿದ್ದರು ಎಂದು ಅಪ್ಪನ ಪರವಾಗಿ ವಾದಿಸಿದೆ. ಸೋಲಲು ಇಷ್ಟವಿರಲಿಲ್ಲ.

ಆ ನಾಲ್ಕೂವರೆ ಅಡಿ ನಮ್ಮ ಮನೆಯೊಳಗೂ ಇತ್ತು ಎಂದು ನೆನಪಾದದ್ದು ಆಗಲೇ. ವಸತಿಗೃಹದ ಅಡುಗೆಮನೆಯ ಬಾಗಿಲ ಚೌಕಟ್ಟಿನ ಮೇಲೆ ಅಪ್ಪ ಚಾಕುವಿನಿಂದ ಒಂದು ಗೀರು ಹಾಕಿದ್ದ. ಯುಗಾದಿಗೊಮ್ಮೆ ನಮ್ಮನ್ನು ಸಾಲಾಗಿ ನಿಲ್ಲಿಸಿ ಎತ್ತರ ಗುರುತು ಮಾಡುತ್ತಿದ್ದ. ಯಾರ ನೆತ್ತಿ ಆ ಗೀರನ್ನು ಮುಟ್ಟುತ್ತದೋ ಅವರಿಗೆ ಅವನ ಅಳತೆ ಟೇಪನ್ನು ಒಂದು ದಿನ ಕೈಗೆ ಕೊಡುತ್ತಿದ್ದ. “ಇವಳು ಎಣಿಕೆಗೆ ಬಂದಳು” ಎಂದು ಘೋಷಿಸುತ್ತಿದ್ದ. ನಾನು ಟೇಪು ಹಿಡಿದು ದನದ ಹೊಟ್ಟೆಯಿಂದ ಹಿಡಿದು ಅಜ್ಜಿಯ ಸೊಂಟದವರೆಗೆ ಅಳೆದಿದ್ದೆ.

ಇನ್ನು ಜನರನ್ನು ಮಾತಾಡಿಸಿದ ಬಗೆ. ‘ಅಪ್ಪ ಹೇಗಿದ್ದರು?’ ಎಂದು ಕೇಳಿದರೆ ಯಾರಾದರೂ ‘ದೇವರಂಥ ಮನುಷ್ಯ’ ಎಂದು ಮುಗಿಸುತ್ತಾರೆ. ಮೊದಲ ನಾಲ್ಕೈದು ಮಂದಿಯಲ್ಲಿ ಇದೇ ಆಯಿತು, ರೆಕಾರ್ಡ್ ಮಾಡಿದ್ದನ್ನೆಲ್ಲ ಅಳಿಸಿದೆ. ಆಮೇಲೆ ಚೀಲದಲ್ಲಿ ಅವನ ವಸ್ತುಗಳನ್ನು ಹಾಕಿಕೊಂಡು ಹೋಗತೊಡಗಿದೆ: ಮೂರು ಸೆಲ್ಲಿನ ಟಾರ್ಚು, ತೋಳು ಬಿಚ್ಚಿದ ಖಾಕಿ ಸ್ವೆಟರು, ಅಂಚು ಸವೆದ ಟೇಪು. ಪ್ರಶ್ನೆ ಕೇಳದೆ ಅದನ್ನು ಅವರ ಕೈಗೆ ಕೊಟ್ಟು ಸುಮ್ಮನೆ ಕೂರುವುದು. ವಸ್ತು ಕೈಗೆ ಬಂದರೆ ಕೈ ಮಾತಾಡಿಸುತ್ತದೆ. ಅಪ್ಪನ ಜೊತೆ ಇಪ್ಪತ್ತು ವರ್ಷ ಗಸ್ತು ತಿರುಗಿದ ಕುಣಬಿ ಸಮುದಾಯದ ಹಿರಿಯ ವಾಚರ್ ಒಬ್ಬರು ಟಾರ್ಚನ್ನು ಹಿಂದೆಮುಂದೆ ತಿರುಗಿಸಿ ನೋಡಿ, “ತಂಗಿ, ಗಾರ್ಡ್ ಸಾಹೇಬರು ಇದನ್ನು ಹೊತ್ತಿಸುತ್ತಲೇ ಇರಲಿಲ್ಲ. ಸೆಲ್ಲು ಖರ್ಚಾಗುತ್ತದೆ ಎಂದು ಕತ್ತಲಲ್ಲೇ ನಡೆಸುತ್ತಿದ್ದರು. ಸೆಲ್ಲು ಮಿಗಿಸಿ ಮನೆಗೆ ಒಯ್ಯುವುದು, ಮಕ್ಕಳು ರಾತ್ರಿ ಓದುತ್ತಾರೆ ಎಂದು” ಎಂದರು. ಕರೆಂಟು ಹೋದಾಗ ನಾವು ಓದುತ್ತಿದ್ದದ್ದು ಆ ಟಾರ್ಚಿನಲ್ಲಿ ಹೌದು. ಸೆಲ್ಲು ಎಲ್ಲಿಂದ ಬರುತ್ತಿತ್ತು ಎಂದು ನಾವು ಯೋಚಿಸಿದವರೇ ಅಲ್ಲ.

ಅದೇ ಹಿರಿಯರು ಆನೆಯ ಕಥೆ ಹೇಳಿದರು. ಅದು ನಮ್ಮ ಮನೆಯಲ್ಲೂ ಇದ್ದ ಕಥೆ. ಅಮ್ಮನ ಪ್ರಕಾರ ಒಂಟಿ ಸಲಗ ಅಟ್ಟಿಸಿಕೊಂಡು ಬಂದು ಅಪ್ಪ ಮತ್ತಿ ಮರ ಹತ್ತಿ ರಾತ್ರಿಯಿಡೀ ಕುಳಿತಿದ್ದ. ವಾಚರ್ ಪ್ರಕಾರ ಮರ ಹತ್ತಿದ್ದು ತಾನು. ಸಾಹೇಬರಿಗೆ ಮರ ಹತ್ತಲು ಬರುತ್ತಲೇ ಇರಲಿಲ್ಲ, ಹುತ್ತದ ಹಿಂದೆ ಕುಳಿತಿದ್ದರು. ಅಪ್ಪ ನಮಗೆ ಹೇಳಿದ್ದು, ಗಾಳಿ ನಮ್ಮ ಕಡೆಗೆ ಬೀಸುತ್ತಿತ್ತು, ಸುಮ್ಮನೆ ನಿಂತೆವು, ಅದು ಹೋಯಿತು ಎಂದು. ಡೈರಿ ನೋಡಿದರೆ: ‘ಆನೆ ಒಂದು. ತೊಂದರೆ ಇಲ್ಲ.’ ಯಾವುದು ನಿಜ ಎಂದು ಒಂದು ವಾರ ತಲೆಕೆಡಿಸಿಕೊಂಡೆ. ಕೊನೆಗೆ ಮೂರನ್ನೂ ಅಚ್ಚುಹಾಕಿಸಿ, ಡೈರಿಯ ಸಾಲನ್ನು ಆ ಅಧ್ಯಾಯದ ತಲೆಬರಹ ಮಾಡಿದೆ. ಈಗ ಮನೆಯಲ್ಲಿ ಏನೇ ಎಡವಟ್ಟಾದರೂ ತಮ್ಮನ ಮಕ್ಕಳು ‘ಆನೆ ಒಂದು, ತೊಂದರೆ ಇಲ್ಲ’ ಎನ್ನುತ್ತಾರೆ.

ಎದುರಾಳಿಗಳನ್ನೂ ಹುಡುಕಿಕೊಂಡು ಹೋಗಿ, ಬರೀ ಸ್ನೇಹಿತರಿಂದ ಮನುಷ್ಯ ಪೂರ್ತಿಯಾಗುವುದಿಲ್ಲ. ಅಪ್ಪ ಒಮ್ಮೆ ಹೊನ್ನೆಯ ತುಂಡುಗಳ ಜೊತೆ ಹಿಡಿದು ಕೇಸು ಹಾಕಿದ್ದವರೊಬ್ಬರು ಇನ್ನೂ ಇದ್ದಾರೆ. ಹೋಗುವಾಗ ಕಾಲು ನಡುಗುತ್ತಿತ್ತು. ಅವರು ಚಹಾ ಕೊಟ್ಟು ಅಂದರು: “ಹಿಡಿದದ್ದಕ್ಕೆ ಸಿಟ್ಟಿಲ್ಲ. ಜಾಮೀನಿಗೆ ಯಾರೂ ಇರಲಿಲ್ಲ. ನಿಮ್ಮಪ್ಪನೇ ಸೈಕಲ್ ತುಳಿದುಕೊಂಡು ಹೋಗಿ ನನ್ನ ಭಾವನನ್ನು ಕರೆತಂದರು. ಹಿಡಿಯುವುದೂ ಅವರೇ, ಬಿಡಿಸುವುದೂ ಅವರೇ. ಇದೆಂಥ ಮನುಷ್ಯ ಎಂದು ಆಗ ಬೈದಿದ್ದೆ.” ಬೈದದ್ದನ್ನೂ ಬರೆಯಲೇ ಎಂದು ಕೇಳಿದೆ. ಬರೆಯಿರಿ, ನನ್ನ ಹೆಸರು ಮಾತ್ರ ಬೇಡ ಎಂದರು.

ಅಮ್ಮನ ಹತ್ತಿರ ರೆಕಾರ್ಡಿಂಗ್ ನಡೆಯಲಿಲ್ಲ. ಮೊಬೈಲ್ ಕಂಡರೆ ಭಾಷಣದ ದನಿ ಬರುತ್ತಿತ್ತು. ಅವಳು ಅಕ್ಕಿ ಆರಿಸುವಾಗ ಪಕ್ಕದಲ್ಲಿ ಕುಳಿತು, ಕೇಳಿದ್ದನ್ನು ರಾತ್ರಿ ಬರೆದಿಟ್ಟುಕೊಂಡೆ. ಹೊಗಳಿಕೆ ಒಂದೂ ಇಲ್ಲ, ಎಲ್ಲ ದೂರುಗಳೇ. ಅದರಲ್ಲಿ ಸೌದೆಯದು ಮುಖ್ಯ. ಸುತ್ತ ಕಾಡು, ಅಂಗಳದಾಚೆ ಒಣಗಿದ ಕೊಂಬೆ ಬಿದ್ದಿರುತ್ತಿತ್ತು. ಬೇರೆಯವರ ಮನೆಯವರು ಆರಿಸಿಕೊಳ್ಳುತ್ತಿದ್ದರು. ಗಾರ್ಡಿನ ಮನೆಯವರು ಒಂದು ಕಡ್ಡಿ ಎತ್ತಿದರೆ ನಾಳೆ ಗಾಡಿಯಲ್ಲಿ ಒಯ್ಯುವವನನ್ನು ತಡೆಯುವ ಬಾಯಿ ತನಗಿರುವುದಿಲ್ಲ ಎಂದು ಅಪ್ಪನ ಹಟ. “ಕಾಡಿನ ನಡುವೆ ಕೂತು ಡಿಪೋದಿಂದ ಸೌದೆ ಕೊಂಡವಳು ಈ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು” ಎಂದು ಅಮ್ಮ ಈಗಲೂ ಅನ್ನುತ್ತಾಳೆ. ಹೇಳುವಾಗ ಸಿಟ್ಟು ಎಷ್ಟು, ಹೆಮ್ಮೆ ಎಷ್ಟು ಎಂದು ಅಳೆಯಲು ನನ್ನಲ್ಲಿ ಟೇಪಿಲ್ಲ.

ಟ್ರಂಕಿನ ತಳದಲ್ಲಿ ರಜೆ ಅರ್ಜಿಗಳ ಕಟ್ಟಿತ್ತು. ಅವನ್ನು ಎಲ್ಲಕ್ಕಿಂತ ಕೊನೆಗೆ ಓದಿದೆ; ಮೊದಲೇ ಓದಬೇಕಿತ್ತು. ಸರ್ಕಾರಿ ನೌಕರನ ಮನಸ್ಸು ತಿಳಿಯಬೇಕಾದರೆ ರಜೆ ಅರ್ಜಿಯಂಥ ದಾಖಲೆ ಇನ್ನೊಂದಿಲ್ಲ. ಮಗಳ ಜ್ವರ, ಮಗನ ಜವಳ, ಹೆಂಡತಿಯ ಹಲ್ಲು ಕೀಳಿಸುವುದು, ಶಾಲೆಯ ವಾರ್ಷಿಕೋತ್ಸವ. ಇದರ ನಡುವೆ 1986ರ ಎರಡು ಅರ್ಜಿಗಳು. ಜೂನ್‌ನದರಲ್ಲಿ ‘ನನ್ನ ತಂದೆಯವರ ಶ್ರಾದ್ಧದ ನಿಮಿತ್ತ’ ಎಂದಿದೆ. ಡಿಸೆಂಬರ್‌ನದರಲ್ಲೂ ‘ನನ್ನ ತಂದೆಯವರ ಶ್ರಾದ್ಧದ ನಿಮಿತ್ತ’ ಎಂದಿದೆ. ಅಜ್ಜ ತೀರಿಕೊಂಡದ್ದು ಒಂದೇ ಸಲ, ಆಷಾಢದಲ್ಲಿ.

ಅಮ್ಮನಿಗೆ ತೋರಿಸಿದೆ. ಅವಳು ಅಕ್ಕಿಯ ಮೊರವನ್ನು ಕೆಳಗಿಟ್ಟು, ಸೆರಗು ಬಾಯಿಗೆ ಹಿಡಿದು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಅದು ನಾವು ಕಾರವಾರಕ್ಕೆ ಹೋದ ದಿನವಂತೆ. ನಾನು ಪಾಠದಲ್ಲಿ ಸಮುದ್ರ ಓದಿ, ನೋಡಲೇಬೇಕು ಎಂದು ಊಟ ಬಿಟ್ಟಿದ್ದೆನಂತೆ. ನಿಜವಾದ ಕಾರಣ ಬರೆದರೆ ರಜೆ ಸಿಗುವುದಿಲ್ಲ ಎಂದು ಅಪ್ಪ ಅಜ್ಜನಿಗೆ ಇನ್ನೊಂದು ಶ್ರಾದ್ಧ ಮಾಡಿಸಿದ. ಸೌದೆ ಕಡ್ಡಿ ಮುಟ್ಟದ ಮನುಷ್ಯ! ನನಗೆ ನೆನಪಿರುವುದು ಟ್ಯಾಗೋರ್ ಕಡಲತೀರದ ಮರಳು ಮತ್ತು ಪ್ಯಾಂಟನ್ನು ಮಂಡಿಯವರೆಗೆ ಮಡಚಿಕೊಂಡು, ನೀರಿಗೆ ಇಳಿಯದೆ, ನಮ್ಮ ಚಪ್ಪಲಿಗಳನ್ನು ಕೈಯಲ್ಲಿ ಹಿಡಿದು ನಿಂತ ಅಪ್ಪ. ಕಾಳಿ ನದಿ ಕಡಲು ಸೇರುವ ಕಡೆಗೆ ಬೊಟ್ಟು ಮಾಡಿ, “ಅದು ನಮ್ಮ ಹೊಳೆ” ಎಂದಿದ್ದ. ಆ ಅರ್ಜಿಯನ್ನು ಪುಸ್ತಿಕೆಯಲ್ಲಿ ಪೂರ್ತಿ ಪುಟಕ್ಕೆ ಹಾಕಿದ್ದೇನೆ. ಆದರ್ಶ ಗೃಹಸ್ಥ ಎಂಬ ಎರಡು ಪದಗಳ ಜಾಗದಲ್ಲಿ.

ಹೇಳಲು ಕಷ್ಟವಾದದ್ದೂ ಇದೆ. ತಮ್ಮನಿಗೆ ಅಪ್ಪ ಕಾಡು ಕಾಪಾಡಿದವನು ಎಂದಷ್ಟೇ ಬರೆದರೆ ಸಾಕಿತ್ತು. ಆದರೆ ಅಪ್ಪನ ಸೇವೆಯ ಮೊದಲ ಹದಿನೈದು ವರ್ಷಗಳ ಡೈರಿಯಲ್ಲಿ ಕಾಪಾಡಿದ್ದಕ್ಕಿಂತ ಕಡಿಸಿದ್ದೇ ಹೆಚ್ಚು. ಕಡಿಯಬೇಕಾದ ಮರಕ್ಕೆ ಸಿಪ್ಪೆ ಕೆತ್ತಿ, ಸುತ್ತಿಗೆಯಿಂದ ಇಲಾಖೆಯ ಮುದ್ರೆ ಒತ್ತಿ, ನಂಬರು ಬರೆಯುವುದು ಅವನ ಕೆಲಸವಾಗಿತ್ತು. ಸೂಪಾ ಅಣೆಕಟ್ಟಿನ ಮುಳುಗಡೆ ಪ್ರದೇಶದಲ್ಲೂ ಮರ ಎಣಿಸಿದ್ದ. ಜಲಾಶಯ ತುಂಬಿ ಹಳೆಯ ಸೂಪಾ ಊರು ನೀರೊಳಗೆ ಹೋದ ಮೇಲೆ ಒಮ್ಮೆ ನಮ್ಮನ್ನು ಗಣೇಶಗುಡಿಗೆ ಕರೆದೊಯ್ದಿದ್ದ. ನಾವು ನೀರು ನೋಡಿ ಕುಣಿದೆವು. ಅವನು ಹೇಳಿದ್ದು ಒಂದೇ ಮಾತು: “ಇದರ ಕೆಳಗೆ ನಂದಿ ಮರ ಬಹಳ ಇತ್ತು.” 1983ರ ಸೆಪ್ಟೆಂಬರ್‌ನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಕಡೆ ಜನ ಕಾಡಿಗೆ ನುಗ್ಗಿ ಮರಗಳನ್ನು ಅಪ್ಪಿ ನಿಂತರು, ಅಪ್ಪಿಕೋ ಚಳವಳಿ ಹುಟ್ಟಿದ್ದು ಹಾಗೆ. ಅಪ್ಪನ ಬೀಟು, ಅಂದರೆ ಅವನು ಗಸ್ತು ತಿರುಗುವ ಕಾಡು, ಅಲ್ಲಿಂದ ದೂರ, ಡೈರಿಯಲ್ಲಿ ಅದರ ಸುಳಿವೇ ಇಲ್ಲ. ಬಹಳ ವರ್ಷಗಳ ನಂತರ, ನಾನು ಕಾಲೇಜಿನಲ್ಲಿ ಆ ಚಳವಳಿಯ ಬಗ್ಗೆ ಪ್ರಬಂಧ ಬರೆದು ಜಂಬದಿಂದ ಅವನಿಗೇ ಓದಿ ಹೇಳಿದೆ. ಕೇಳಿಸಿಕೊಂಡು, “ಅವರು ಅಪ್ಪಿಕೊಂಡ ಮರಕ್ಕೆ ನಂಬರು ಹಾಕಿದವನು ನನ್ನಂಥವನೇ. ಯಾವ ಮರ ಬಿಡಬೇಕಿತ್ತು ಎಂಬುದೂ ಅವನಿಗೆ ಗೊತ್ತಿತ್ತು. ಅವನನ್ನು ಯಾರೂ ಕೇಳಲಿಲ್ಲ” ಎಂದ. ಪ್ರಬಂಧಕ್ಕೆ ಬಹುಮಾನ ಬಂತು. ಆ ಮಾತನ್ನು ಅದರಲ್ಲಿ ಸೇರಿಸಿರಲಿಲ್ಲ.

ತಮ್ಮನಿಗೂ ನನಗೂ ಇದರ ಬಗ್ಗೆ ಎರಡು ತಿಂಗಳು ಫೋನಿನಲ್ಲಿ ಜಗಳವಾಯಿತು. ಕೊನೆಗೆ ಆ ಭಾಗವನ್ನು ತೆಗೆಯಲಿಲ್ಲ. ಅವನು ಮುಚ್ಚಿಡೋಣ ಎಂದಿದ್ದ ಒಂದು ನೋಟಿಸಿನ ವಿಷಯವನ್ನು ಮಾತ್ರ ಅವನಿಗಾಗಿ ಬಿಟ್ಟೆ. ಬಿಟ್ಟದ್ದು ಸರಿಯಲ್ಲ ಎಂದು ಈಗ ಅನ್ನಿಸುತ್ತಿದೆ. ತಪ್ಪು ಅಪ್ಪನದಾಗಿರಲಿಲ್ಲ, ಆದರೆ ಅದನ್ನು ವಿವರಿಸಲು ಇನ್ನೊಬ್ಬರ ಹೆಸರು ಹೇಳಬೇಕಿತ್ತು.

ತಂಗಿ ಹುಟ್ಟಿದ 1981ರಲ್ಲಿ ಅಪ್ಪ ನಿಂತು ನೆಡಿಸಿದ ತೇಗದ ನೆಡುತೋಪೊಂದು ಇನ್ನೂ ಇದೆ ಎಂದು ತಿಳಿದಾಗ ನನಗೆ ಮುಖಪುಟ ಸಿಕ್ಕಿತು ಎಂದು ಹಿಗ್ಗಿದೆ. ತಂಗಿ ತನ್ನ ವಯಸ್ಸಿನ ಮರದ ಪಕ್ಕ ನಿಂತ ಚಿತ್ರ! ಅದೇ ವಾಚರ್ ದಾರಿ ತೋರಿಸಿದರು. ಕೆಲಸ ಹೇಗೆ ನಡೆಯಿತೆಂದು ನೆಲದಲ್ಲಿ ಕಡ್ಡಿಯಿಂದ ಗೀಚಿ ಹೇಳಿದರು. ತೇಗದ ಬೀಜ ಗಟ್ಟಿ. ನೆನೆಸಿ ಒಣಗಿಸಿ, ಮತ್ತೆ ನೆನೆಸಿ ಒಣಗಿಸಿ ಅದರ ಹಟ ಮುರಿಯಬೇಕು. ಪಾತಿಯಲ್ಲಿ ಒಂದು ವರ್ಷ ಬೆಳೆಸಿದ ಸಸಿಯನ್ನು ಕಿತ್ತು, ಮೇಲಿನ ಕಾಂಡವನ್ನು ಬೆರಳು ಗೆಣ್ಣಿನಷ್ಟು ಬಿಟ್ಟು, ತಾಯಿಬೇರನ್ನು ಗೇಣುದ್ದಕ್ಕೆ ಕತ್ತರಿಸಿದರೆ ಒಣ ಕೋಲಿನಂತೆ ಕಾಣುತ್ತದೆ. ಮೊದಲ ಮಳೆಗೆ ಹಾರೆಯಿಂದ ರಂಧ್ರ ಮಾಡಿ ಆ ಕೋಲನ್ನು ಇಳಿಸಿ, ಕಾಲಿನಿಂದ ಒತ್ತಿ ಮಣ್ಣು ಬಿಗಿಮಾಡುವುದು. ಎರಡು ಮೀಟರಿಗೊಂದರಂತೆ, ಹೆಕ್ಟೇರಿಗೆ 2,500. “ನಿಮ್ಮಪ್ಪ ಹಿಂದಿನಿಂದ ಬಂದು ಒಂದೊಂದನ್ನೂ ಎರಡು ಬೆರಳಲ್ಲಿ ಹಿಡಿದು ಎಳೆಯುತ್ತಿದ್ದರು. ಎದ್ದು ಬಂದರೆ ಮತ್ತೆ ನೆಡಬೇಕಿತ್ತು. ಕೂಲಿಯವರು ಬೈಯುತ್ತಿದ್ದರು.”

ಇವುಗಳಲ್ಲಿ ಅಪ್ಪ ಕೈಯಾರೆ ನೆಟ್ಟದ್ದು ಯಾವುದು ಎಂದು ಕೇಳಿದೆ. ಆ ಹಿರಿಯರು ನನ್ನನ್ನು ನೋಡಿದ ನೋಟದಲ್ಲಿ ಸ್ವಲ್ಪ ಕನಿಕರವಿತ್ತು. “ಅದೆಲ್ಲ ಯಾವಾಗಲೋ ಹೋಯಿತು ತಂಗಿ. ತೇಗ ದಪ್ಪವಾಗಬೇಕೆಂದರೆ ನಡುನಡುವಿನದನ್ನು ತೆಗೆಯುತ್ತಾ ಬರಬೇಕು. ಮೊದಲ ಸಲ ಸಾಲು ಬಿಟ್ಟು ಸಾಲು, ಆಮೇಲೆ ಸೊಟ್ಟದ್ದು, ಸೊರಗಿದ್ದು. ಹತ್ತರಲ್ಲಿ ಒಂದು ಉಳಿದರೆ ಹೆಚ್ಚು. ತೆಗೆಯಬೇಕಾದದ್ದಕ್ಕೆ ಗುರುತು ಹಾಕಿದವರೂ ಅವರೇ.” ನನ್ನ ಮುಖಪುಟ ಅಲ್ಲಿಗೆ ಮುಗಿಯಿತು. ತಂಗಿ ಮಾತ್ರ ಎಳೆಯ ಎಲೆಯೊಂದನ್ನು ಅಂಗೈಯಲ್ಲಿ ಉಜ್ಜಿ, ಬಂದ ಕೆಂಪು ಬಣ್ಣವನ್ನು ನನ್ನ ಕೆನ್ನೆಗೆ ಬಳಿದಳು, ಚಿಕ್ಕಂದಿನಲ್ಲಿ ಮಾಡುತ್ತಿದ್ದ ಹಾಗೆ. ಮುಖಪುಟಕ್ಕೆ ಕೊನೆಗೆ ಟೇಪಿನ ಚಿತ್ರ ಹಾಕಿದೆವು, ಅಂಕಿಗಳು ಅಳಿಸಿಹೋದ ಮೊದಲ ಎರಡು ಅಡಿ.

ಅಚ್ಚಿನ ಕೆಲಸದಲ್ಲಿ ಹೇಳುವಂಥದ್ದು ಹೆಚ್ಚಿಲ್ಲ. ಅಕ್ಷರ ದೊಡ್ಡದಿರಲಿ, ಓದುವವರೆಲ್ಲ ವಯಸ್ಸಾದವರು. ಕರಡನ್ನು ಅಮ್ಮನಿಗೆ ಗಟ್ಟಿಯಾಗಿ ಓದಿ ಹೇಳಿದ್ದು ಒಳ್ಳೆಯದಾಯಿತು. ಅವಳು ಎಲ್ಲಿ ಹೂಂಗುಟ್ಟುವುದನ್ನು ನಿಲ್ಲಿಸುತ್ತಾಳೋ ಅಲ್ಲಿ ನಾನು ಸುಳ್ಳು ಬರೆದಿರುತ್ತಿದ್ದೆ. ಹಾಗೆ ಒಂಬತ್ತು ಪುಟ ಹೋದವು.

ಪುಸ್ತಿಕೆ ಅಚ್ಚಿಗೆ ಹೋದ ಮೇಲೆ, ವರ್ಷಾಂತಿಕಕ್ಕೆ ಹತ್ತು ದಿನ ಇರುವಾಗ, ಅಮ್ಮ ಹಳೆಯ ವಸತಿಗೃಹ ನೋಡಬೇಕೆಂದಳು. ಈಗ ಅಲ್ಲಿರುವ ಗಾರ್ಡ್ ಹುಡುಗಿ, ನನ್ನ ವಿದ್ಯಾರ್ಥಿನಿಯರ ವಯಸ್ಸಿನವಳು, ಅಡುಗೆಮನೆಯವರೆಗೂ ಕರೆದುಕೊಂಡು ಹೋದಳು. ಚೌಕಟ್ಟಿಗೆ ಎಷ್ಟೋ ಸಲ ಬಣ್ಣ ಹೊಡೆದಿದ್ದಾರೆ, ಕಣ್ಣಿಗೆ ಏನೂ ಕಾಣಲಿಲ್ಲ. ಬೆರಳು ಆಡಿಸಿದರೆ ಬಣ್ಣದ ಕೆಳಗೆ ಗೀರುಗಳು ಒಂದೊಂದೇ ಸಿಕ್ಕವು. ನನ್ನವು, ತಂಗಿಯವು, ತಮ್ಮನ ಎರಡೋ ಮೂರೋ. ನಾಲ್ಕೂವರೆ ಅಡಿಯ ಉದ್ದ ಗೀರು. ಅದಕ್ಕೂ ಮೇಲೆ, ನನ್ನ ಹುಬ್ಬಿ‌ನ ಎತ್ತರದಲ್ಲಿ, ಇನ್ನೊಂದು ಗೀರು. ಅಷ್ಟು ಎತ್ತರಕ್ಕೆ ನಾವ್ಯಾರೂ ಆ ಮನೆಯಲ್ಲಿರುವಾಗ ಬೆಳೆದಿರಲಿಲ್ಲ.

“ಇದು ಯಾರದ್ದು?” ಎಂದೆ.

ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಚಪ್ಪಲಿ ಬಿಟ್ಟು, ಬೆನ್ನು ಕೊಟ್ಟು ಚೌಕಟ್ಟಿಗೆ ಒರಗಿ ನಿಂತಳು. ಹಿಮ್ಮಡಿ ಕೂಡಿಸಿ, ಗದ್ದ ನೇರ ಇಟ್ಟು, ನಾವು ಚಿಕ್ಕವರು ನಿಲ್ಲುತ್ತಿದ್ದ ಹಾಗೆಯೇ. ನಾನು ಅವಳ ನೆತ್ತಿಯ ಮೇಲೆ ಅಂಗೈ ಇಟ್ಟು ನೋಡಿದೆ. ಗೀರು ಎರಡು ಬೆರಳು ಮೇಲಿತ್ತು.

“ಅಳತೆ ತಪ್ಪಿದೆ” ಎಂದಳು ಅಮ್ಮ. “ಅವರಿಗೆ ಆಗಲೇ ಕಣ್ಣು ಸರಿ ಕಾಣುತ್ತಿರಲಿಲ್ಲ.”